ಕಾಪರ್ ಹಾಕ್ಸಿದ್ರೆ ಆಗಲ್ವಾ? ಜೋರು ಎಂಜಿನ್‌ಗೆ ಹೆಡ್ ಗ್ಯಾಸ್ಕೆಟ್ ಆರಿಸುವ ವಿಚಾರ

ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿಯಾಯಿತು ಅಂದರೆ ಕೊಡಗಿನ ಗ್ಯಾರೇಜುಗಳಿಗೆ ಪುರುಸೊತ್ತು ಇರುವುದಿಲ್ಲ. ಗೋಣಿಕೊಪ್ಪ, ಪೊನ್ನಂಪೇಟೆ, ಅಮ್ಮತ್ತಿ ಕಡೆ ಯಾರದೋ ಗದ್ದೆಯಲ್ಲಿ ಆಟೋಕ್ರಾಸ್ ರೇಸ್ ಇದೆಯಂತೆ ಅಂತ ಸುದ್ದಿ ಬಂದರೆ ಸಾಕು, ಮಳೆಗಾಲವಿಡೀ ಶೆಡ್ಡಿನಲ್ಲಿ ಮಲಗಿದ್ದ ಜಿಪ್ಸಿ, ಎಸ್ಟೀಮ್‌ಗಳೆಲ್ಲ ಬಾನೆಟ್ ತೆರೆದು ನಿಲ್ಲುತ್ತವೆ. ಕಂಪ್ರೆಶನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವುದು) ಏರಿಸಬೇಕು, ವಾಲ್ವ್ ತೆರೆಯುವ ಕ್ಯಾಮ್ ಬದಲಿಸಬೇಕು, ಕೈಯಲ್ಲಿ ಸ್ವಲ್ಪ ಕಾಸಿದ್ದವರಿಗೆ ಎಂಜಿನ್‌ಗೆ ಗಾಳಿ ತುರುಕುವ ಟರ್ಬೊ ಕೂರಿಸಬೇಕು. ಆಗ ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ಇಡುವ ತೆಳು ಹಾಳೆಯ ಬಗ್ಗೆ, ಅಂದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ, ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಅಣ್ಣಾ, ಹೆಡ್ ಗ್ಯಾಸ್ಕೆಟ್ ಯಾವುದು ಹಾಕೋದು? ಕಾಪರ್ ಹಾಕ್ಸಿದ್ರೆ ಆಗಲ್ವಾ?"

ನಾನು ತಿರುಗಿ ಕೇಳುವುದು ಇಷ್ಟೇ: ಹೆಡ್ ಫೇಸಿಂಗ್ (ಹೆಡ್ಡಿನ ಕೆಳಮೈ ಕತ್ತರಿಸಿ ಸಪಾಟು ಮಾಡುವ ಕೆಲಸ) ಎಲ್ಲಿ ಮಾಡಿಸ್ತೀಯ?

ಇದು ಜಾರಿಕೊಳ್ಳುವ ಉತ್ತರ ಅಲ್ಲ. ಗ್ಯಾಸ್ಕೆಟ್ ಯಾವುದರಿಂದ ಮಾಡಿದ್ದು ಅನ್ನುವುದು ಕೊನೆಗೆ ಆಗಬೇಕಾದ ತೀರ್ಮಾನ. ಹೆಡ್ ಮತ್ತು ಬ್ಲಾಕಿನ ಮೈ ಎಷ್ಟು ನುಣುಪಾಗಿದೆ, ಬೋಲ್ಟುಗಳು ಎಷ್ಟು ಗಟ್ಟಿಯಾಗಿ ಹಿಡಿಯುತ್ತವೆ, ಗಾಡಿ ಯಾವ ಕೆಲಸಕ್ಕೆ, ಈ ಮೂರು ಗೊತ್ತಾದರೆ ಯಾವ ಗ್ಯಾಸ್ಕೆಟ್ ಅನ್ನುವುದು ಬಹುಮಟ್ಟಿಗೆ ತಾನೇ ಗೊತ್ತಾಗುತ್ತದೆ. ಆದರೆ ನಮ್ಮಲ್ಲಿ ನಡೆಯುವುದು ಉಲ್ಟಾ. ಮೊದಲು ಮೊಬೈಲ್‌ನಲ್ಲಿ ನೋಡಿ ದುಬಾರಿ ಗ್ಯಾಸ್ಕೆಟ್ ತರಿಸುತ್ತಾರೆ, ಆಮೇಲೆ ಲೇತ್ ಹುಡುಕುತ್ತಾರೆ.

ಆ ತೆಳು ಹಾಳೆಯ ಮೇಲೆ ಬೀಳುವ ಭಾರ

ಹೆಡ್ ಗ್ಯಾಸ್ಕೆಟ್, ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಹೆಡ್ ಪ್ಯಾಕಿಂಗ್, ಮೂರು ಕೆಲಸವನ್ನು ಒಟ್ಟಿಗೆ ಮಾಡಬೇಕು. ಸಿಲಿಂಡರಿನೊಳಗೆ ಉರಿಯುವ ಗ್ಯಾಸನ್ನು ಒಳಗೇ ಹಿಡಿದಿಡಬೇಕು. ಬ್ಲಾಕಿನಿಂದ ಹೆಡ್ಡಿಗೆ ಹೋಗುವ ಕೂಲೆಂಟ್ ಆಚೀಚೆ ಸೋರಬಾರದು. ಒತ್ತಡದಲ್ಲಿ ಮೇಲೆ ಹೋಗುವ ಆಯಿಲ್ ಬೇರೆ ಕಡೆ ನುಗ್ಗಬಾರದು. ಇದೆಲ್ಲ ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದಲ್ಲಿ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಜಿಪ್ಸಿಯ 1298 ಸಿಸಿ ಎಂಜಿನ್‌ನ ಬೋರ್ (ಸಿಲಿಂಡರಿನ ಅಡ್ಡಳತೆ) 74 ಮಿ.ಮೀ. ಅಂದರೆ ಒಂದು ಸಿಲಿಂಡರಿನ ವಿಸ್ತೀರ್ಣ 43 ಚದರ ಸೆಂಟಿಮೀಟರ್. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ನಲ್ಲಿ ಉರಿಯ ಒತ್ತಡ ತುದಿಗೆ ಹೋದಾಗ 60 ಬಾರ್ ಅಂದುಕೊಳ್ಳಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಅದು ಹೆಡ್ಡನ್ನು ಮೇಲಕ್ಕೆ ದೂಡುವ ಬಲ ಸುಮಾರು 2.6 ಟನ್. ಟರ್ಬೊ ಹಾಕಿ ಅದೇ ಒತ್ತಡವನ್ನು 100 ಬಾರ್‌ಗೆ ಏರಿಸಿದರೆ 4.4 ಟನ್. 6000 ಆರ್‌ಪಿಎಂನಲ್ಲಿ ಎಂಜಿನ್ ಓಡುತ್ತಿದ್ದರೆ ಈ ಏಟು ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಸಲ ಬೀಳುತ್ತದೆ. ಕಾಮನ್ ರೈಲ್ ಡೀಸೆಲ್ ಆದರೆ ಒತ್ತಡ 150 ಬಾರ್ ದಾಟುವುದೂ ಮಾಮೂಲಿ.

ಪ್ರತಿ ಏಟಿಗೂ ಹೆಡ್ ಕೆಲವು ಮೈಕ್ರಾನ್‌ನಷ್ಟು ಮೇಲೆದ್ದು ಕೂರುತ್ತದೆ. ಬೋಲ್ಟ್ ಎಷ್ಟೇ ಬಿಗಿಯಾಗಿದ್ದರೂ ಇದು ತಪ್ಪಿದ್ದಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹಾಗಾಗಿ ಒಳ್ಳೆ ಗ್ಯಾಸ್ಕೆಟ್ ಅಂದರೆ ಗಟ್ಟಿ ಇರುವುದು ಮಾತ್ರ ಅಲ್ಲ, ಹೆಡ್ ಮೇಲೆದ್ದಾಗ ತಾನೂ ಹಿಂದೆಯೇ ಎದ್ದು ಸಂದು ಮುಚ್ಚುವಂಥದ್ದು. ಈ ಒಂದು ಗುಣ ತಲೆಯಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಇನ್ನೊಂದು ಬಿಸಿ. ಕೆಳಗೆ ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ ತಗೊಳ್ಳಿ. ಅಲ್ಯೂಮಿನಿಯಂ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಹೆಡ್ 80 ಡಿಗ್ರಿ ಬಿಸಿಯೇರಿದರೆ ಸುಮಾರು 0.7 ಮಿ.ಮೀ. ಉದ್ದವಾಗುತ್ತದೆ, ಕೆಳಗಿನ ಬ್ಲಾಕ್ ಅದರ ಅರ್ಧದಷ್ಟು. ನಡುವೆ ಸಿಕ್ಕಿಕೊಂಡ ಗ್ಯಾಸ್ಕೆಟ್ ಪ್ರತಿ ಸಲ ಎಂಜಿನ್ ಬಿಸಿಯಾದಾಗ, ಆರಿದಾಗ ಉಜ್ಜಿಸಿಕೊಳ್ಳುತ್ತದೆ. ಹೆಡ್ ಎತ್ತರಕ್ಕೂ ಹಿಗ್ಗುತ್ತದೆ ಅನ್ನುವುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಉಕ್ಕಿನ ಬೋಲ್ಟ್ ಅಷ್ಟು ಹಿಗ್ಗುವುದಿಲ್ಲ. ಆದ್ದರಿಂದ ಬಿಸಿಯಾದಷ್ಟೂ ಗ್ಯಾಸ್ಕೆಟ್ ಮೇಲಿನ ಹಿಡಿತ ಜಾಸ್ತಿ ಆಗುತ್ತದೆ. ಓವರ್‌ಹೀಟ್ ಆದರೆ ಗ್ಯಾಸ್ಕೆಟ್ ಮಿತಿ ಮೀರಿ ಜಜ್ಜಿಹೋಗುತ್ತದೆ, ಎಂಜಿನ್ ಆರಿದ ಮೇಲೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ, ಹಿಡಿತ ಸಡಿಲ. "ಅವತ್ತು ಬರೀ ಒಂದು ಸಲ ಮೀಟರ್ ಮೇಲೆ ಹೋಗಿತ್ತು ಅಷ್ಟೇ, ಆಮೇಲೆ ಸರಿಯಾಗಿತ್ತು" ಅನ್ನುವ ಗಾಡಿ ತಿಂಗಳು ಬಿಟ್ಟು ನೀರು ಕುಡಿಯಲು ಶುರು ಮಾಡುವುದು ಇದಕ್ಕೇ.

ನಮ್ಮೂರಿನ ಬಿಸಿ ಬೇರೆ ಥರ

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ 0.9 ಬಾರ್‌ನದ್ದಾಗಿದ್ದು ಸರಿಯಾಗಿ ಹಿಡಿದರೆ ಬರೀ ನೀರೂ 116 ಡಿಗ್ರಿಯ ತನಕ ತಡೆಯುತ್ತದೆ. ಕ್ಯಾಪಿನ ರಬ್ಬರ್ ಹೋಗಿದ್ದರೆ ಆ 20 ಡಿಗ್ರಿ ಕೈಬಿಟ್ಟ ಹಾಗೆ. ಜುಜುಬಿ ಕ್ಯಾಪ್, ಆದರೆ ಸಂಪಾಜೆ ಘಾಟಿ ಹತ್ತುವಾಗ ಹೆಡ್ಡನ್ನು ಕಾಯುವುದು ಅದೇ. ತೋಡಿನ ನೀರು ಹೊಯ್ದುಕೊಂಡು ಓಡಿಸುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಎತ್ತರದಿಂದ ಒಂದು ಲಾಭವೂ ಇದೆ. ಗಾಳಿ ತೆಳು, ಹಾಗಾಗಿ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸಮುದ್ರಮಟ್ಟಕ್ಕಿಂತ ಹತ್ತು ಪರ್ಸೆಂಟ್ ಆಸುಪಾಸು ಕಡಿಮೆ ಶಕ್ತಿ ಕೊಡುತ್ತದೆ, ಒಳಗಿನ ಒತ್ತಡವೂ ಅಷ್ಟು ಕಡಿಮೆ. ಅಂದರೆ ಮಡಿಕೇರಿಯಲ್ಲಿ ಟ್ಯೂನ್ ಮಾಡಿ "ಏನೂ ಆಗಿಲ್ಲ" ಅಂದುಕೊಂಡ ಎಂಜಿನ್ ಮಾಕುಟ್ಟ ಇಳಿದು ಕಣ್ಣೂರು ಕಡೆ ಹೋದರೆ ನಾಕ್ ಹೊಡೆಯಬಹುದು, ಅಂದರೆ ಮಿಶ್ರಣದ ಒಂದು ಪಾಲು ಕ್ರಮವಾಗಿ ಉರಿಯದೆ ತಾನಾಗಿ ಸಿಡಿಯಬಹುದು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕಂಟ್ರೋಲ್ ಇರುವ ಟರ್ಬೊ ಗಾಡಿಗೆ ಈ ರಿಯಾಯಿತಿಯೂ ಇಲ್ಲ, ಬಹಳಷ್ಟು ಕಡೆ ಅದು ಎತ್ತರದಲ್ಲೂ ಒತ್ತಡ ತುಂಬಿಸಿಕೊಳ್ಳುತ್ತದೆ.

ಇನ್ನು ಕೆಸರು. ಗದ್ದೆಯಲ್ಲಿ ನಾಲ್ಕು ಸುತ್ತು ಹೊಡೆದ ಗಾಡಿಯ ರೇಡಿಯೇಟರ್ ನೋಡಿದ್ದೀರಲ್ಲ? ಫಿನ್‌ಗಳ ನಡುವೆ ಕೆಸರು ಸಿಮೆಂಟಿನ ಹಾಗೆ ಕೂತಿರುತ್ತದೆ, ಫ್ಯಾನ್ ತಿರುಗಿದರೂ ಗಾಳಿ ಹೋಗಲು ದಾರಿಯೇ ಇಲ್ಲ. ತೋಟದ ಜೀಪಿನ ಕಥೆ ಬೇರೆ: ಕಾಫಿ ಮೂಟೆ ಹೇರಿಕೊಂಡು ಲೋ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್‌ಗೆ ಪೂರ್ತಿ ಲೋಡ್, ಎದುರಿನ ಗಾಳಿ ಸೊನ್ನೆ. ಇಲ್ಲಿ ಹೋಗುವ ಗ್ಯಾಸ್ಕೆಟ್‌ಗಳಲ್ಲಿ ಜಾಸ್ತಿ ಹೋಗುವುದು ಪವರ್‌ನಿಂದಲ್ಲ, ಬಿಸಿಯಿಂದ. ರೇಸಿಂಗ್ ಗ್ಯಾಸ್ಕೆಟ್ ಬೇಕು ಅನ್ನುವವರು ಮೊದಲು ರೇಡಿಯೇಟರ್ ಬಿಚ್ಚಿ ತೊಳೆಸಲಿ.

ಕಾಂಪೋಸಿಟ್: ಕ್ಷಮಿಸುವ ಗುಣದ್ದು

ಹಿಂದೆ ಗ್ಯಾಸ್ಕೆಟ್ ಅಂದರೆ ಆಸ್ಬೆಸ್ಟಾಸ್. ಬಿಸಿ ತಡೆಯುತ್ತಿತ್ತು, ಅಗ್ಗವಾಗಿತ್ತು, ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಮೇಲೆ ತಯಾರಕರು ಅದನ್ನು ಬಿಡುತ್ತಾ ಬಂದರು. ಹಳೇ ಜೀಪಿನ ಹೆಡ್ ಇಳಿಸಿದಾಗ ಬೂದು ಬಣ್ಣದ ನಾರುನಾರು ಗ್ಯಾಸ್ಕೆಟ್ ಅಂಟಿಕೊಂಡಿದ್ದರೆ ಒಣಗಿದ್ದನ್ನೇ ಕೆರೆಯಬೇಡಿ, ವೈರ್ ಬ್ರಶ್ ಅಂತೂ ಬೇಡವೇ ಬೇಡ. ಒದ್ದೆ ಮಾಡಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ ತೆಗೆಯಿರಿ.

ಈಗಿನ ಕಾಂಪೋಸಿಟ್‌ನಲ್ಲಿ ನಡುವೆ ಮುಳ್ಳುಮುಳ್ಳಾಗಿ ಚುಚ್ಚಿದ ತೆಳು ಉಕ್ಕಿನ ಹಾಳೆ, ಎರಡೂ ಕಡೆ ಗ್ರಾಫೈಟ್ ಅಥವಾ ಅರಾಮಿಡ್ ನಾರಿನ ಪದರ, ಸಿಲಿಂಡರಿನ ಸುತ್ತ ಸ್ಟೇನ್‌ಲೆಸ್ ಉಕ್ಕಿನ ಮಡಚಿದ ಅಂಚು. ಆ ಅಂಚೇ ಫೈರ್ ರಿಂಗ್. ಬೆಂಕಿಯನ್ನು ಎದುರಿಸುವುದು ಅದು. ಗ್ರಾಫೈಟ್ ಮೆತ್ತಗಿರುತ್ತದೆ, ಹೆಡ್ಡಿನ ಮೈಯಲ್ಲಿ ಸಣ್ಣ ಗೀರು, ತಗ್ಗು ಇದ್ದರೆ ಅದರೊಳಗೆ ಹೋಗಿ ತುಂಬಿಕೊಳ್ಳುತ್ತದೆ. 450 ಡಿಗ್ರಿ ಹತ್ತಿರ ಬರುವ ತನಕ ಗಾಳಿಯಲ್ಲಿ ಸುಡುವುದೂ ಇಲ್ಲ. ಹೆಡ್ ಉದ್ದಕ್ಕೆ ಹಿಗ್ಗಿದಾಗ ಜಾರಲು ಬಿಡುತ್ತದೆ, ಗ್ರಾಫೈಟ್ ಅಲ್ವಾ. ಊರಿನ ಲೇತ್‌ನಲ್ಲಿ ಫೇಸ್ ಮಾಡಿದ ಹೆಡ್ಡಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಕೊರತೆ ಏನು ಅಂದರೆ ಮೆತ್ತಗಿರುವುದೇ. ಕಾಲ ಕಳೆದ ಹಾಗೆ ಒತ್ತಿಕೊಂಡು ತೆಳ್ಳಗಾಗುತ್ತದೆ, ಬೋಲ್ಟಿನ ಹಿಡಿತ ಇಳಿಯುತ್ತದೆ. ಹಳೇ ಎಂಜಿನ್‌ಗಳಲ್ಲಿ ಮೊದಲ ಸಲ ಬಿಸಿ ಮಾಡಿ ಆರಿಸಿ ಮತ್ತೆ ಟಾರ್ಕ್ ಮಾಡಿ (ಬೋಲ್ಟನ್ನು ಹೇಳಿದ ಬಲಕ್ಕೆ ಬಿಗಿಯಿರಿ) ಅಂತ ಹೇಳುವುದು ಅದಕ್ಕೆ. ಹೆಡ್ ಮೇಲೆದ್ದಾಗ ಇದು ಹಿಂದೆಯೇ ಎದ್ದು ಮುಚ್ಚುವುದೂ ಕಡಿಮೆ. ಟರ್ಬೊ ಇಲ್ಲದ, ಕಂಪ್ರೆಶನ್ ಒಂದಿಷ್ಟು ಏರಿಸಿದ ಎಂಜಿನ್‌ಗೆ ಒಳ್ಳೆ ಕಂಪನಿಯ ಗ್ರಾಫೈಟ್ ಗ್ಯಾಸ್ಕೆಟ್ ಧಾರಾಳವಾಗಿ ಸಾಕು. ಬೂಸ್ಟ್ ಏರುತ್ತಾ ಹೋದರೆ ಮಾತ್ರ ಫೈರ್ ರಿಂಗ್ ಜರುಗಲು ಶುರುವಾಗುತ್ತದೆ.

ಎಂಎಲ್‌ಎಸ್: ಹಾಕುವುದಾದರೆ ಸರಿಯಾಗಿ ಹಾಕಬೇಕು

ಎಂಎಲ್‌ಎಸ್ ಅಂದರೆ ಪದರ ಪದರದ ಉಕ್ಕು. ಸಾಮಾನ್ಯವಾಗಿ ಮೂರರಿಂದ ಐದು ಪದರ. ಹೊರಗಿನವು ಸ್ಪ್ರಿಂಗ್ ಗುಣದ ಸ್ಟೇನ್‌ಲೆಸ್ ಹಾಳೆಗಳು, ಪ್ರತಿ ಸಿಲಿಂಡರಿನ ಸುತ್ತ ಒಂದು ಉಬ್ಬು ಒತ್ತಿರುತ್ತಾರೆ. ಹೊಸ ಗ್ಯಾಸ್ಕೆಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ಉಬ್ಬು ಗೆರೆ ಚೆನ್ನಾಗಿ ಕಾಣುತ್ತದೆ, ಬೆರಳಿನಿಂದ ಒತ್ತಿದರೆ ಪದರಗಳು ಚಟ್ ಅನ್ನುತ್ತವೆ. ಹೆಡ್ ಬಿಗಿದಾಗ ಉಬ್ಬು ಚಪ್ಪಟೆಯಾಗುತ್ತದೆ, ಆದರೆ ಸತ್ತುಹೋಗುವುದಿಲ್ಲ. ಹೆಡ್ ಕೆಲವು ಮೈಕ್ರಾನ್ ಎದ್ದ ಕೂಡಲೇ ಅದೂ ಏಳುತ್ತದೆ. ಆಗ ಹೇಳಿದೆನಲ್ಲ ಒಂದು ಗುಣ, ಅದು ಜಾಸ್ತಿ ಇರುವುದು ಇದರಲ್ಲೇ. 1990ರ ದಶಕದಿಂದ ಈಚೆಗೆ ಕಾರು ಕಂಪನಿಗಳು ಒಂದೊಂದಾಗಿ ಇದಕ್ಕೆ ಬಂದವು. ಈಗಿನ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಬಹುತೇಕ ಇದೇ. ರೇಸಿಂಗ್‌ಗೆ ಕಾಮೆಟಿಕ್, ಎಚ್‌ಕೆಎಸ್ ಥರದವರು ಬೇರೆ ಬೇರೆ ಬೋರ್, ಬೇರೆ ಬೇರೆ ದಪ್ಪದಲ್ಲಿ ಮಾಡಿಕೊಡುತ್ತಾರೆ.

ಹಾಗಾದರೆ ಎಲ್ಲರೂ ಇದನ್ನೇ ಹಾಕಬಾರದಾ? ಹಾಕಬಹುದು, ಮೈ ನುಣುಪಿದ್ದರೆ. ಉಕ್ಕು ಗ್ರಾಫೈಟಿನ ಹಾಗೆ ಗೀರಿನೊಳಗೆ ಹೋಗಿ ತುಂಬಿಕೊಳ್ಳುವುದಿಲ್ಲ. ಅದರ ಮೇಲೆ ಇರುವ ವೈಟಾನ್ ಅಥವಾ ನೈಟ್ರೈಲ್ ರಬ್ಬರಿನ ಲೇಪ ಬರೀ ಕೆಲವು ಹತ್ತು ಮೈಕ್ರಾನ್ ದಪ್ಪ. ಅಷ್ಟರೊಳಗೆ ಮುಚ್ಚಬಹುದಾದ ಗೀರು ಮಾತ್ರ ಮುಚ್ಚುತ್ತದೆ. ಸಾಮಾನ್ಯವಾಗಿ ಎಂಎಲ್‌ಎಸ್‌ಗೆ ಮೈಯ ಒರಟುತನ ಸರಾಸರಿ 0.75 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಇರಲಿ ಅನ್ನುತ್ತಾರೆ. ದಪ್ಪ ಲೇಪದ ಕೆಲವು ಗ್ಯಾಸ್ಕೆಟ್‌ಗಳು ಇನ್ನೂ ಸ್ವಲ್ಪ ಒರಟನ್ನು ಸಹಿಸುತ್ತವೆ. ಕಾಂಪೋಸಿಟ್‌ಗೆ 1.5ರಿಂದ 2.5 ಮೈಕ್ರಾನ್ ಇದ್ದರೂ ನಡೆಯುತ್ತದೆ, ನಿಜ ಹೇಳಬೇಕೆಂದರೆ ಅದಕ್ಕೆ ಸ್ವಲ್ಪ ಒರಟು ಬೇಕೇ ಬೇಕು, ಕನ್ನಡಿಯ ಹಾಗಿದ್ದರೆ ಹಿಡಿತ ಸಿಗದೆ ಗ್ರಾಫೈಟ್ ಜರುಗುತ್ತದೆ.

ಈಗ ಗೊತ್ತಾಯಿತಲ್ಲ, ಲೇತ್ ಯಾವುದು ಅಂತ ಮೊದಲೇ ಯಾಕೆ ಕೇಳಿದೆ ಅಂತ? ಹಳೇ ಗ್ರೈಂಡಿಂಗ್ ಕಲ್ಲಿನಲ್ಲಿ, ಇಲ್ಲವೇ ಮರಳು ಪೇಪರ್ ಬೆಲ್ಟ್ ಮೇಲೆ ಉಜ್ಜಿ ಕೊಡುವ ಹೆಡ್ ನೋಡಲು ಫಳಫಳ ಹೊಳೆಯುತ್ತದೆ. ಉಗುರನ್ನು ನಿಧಾನವಾಗಿ ಅಡ್ಡ ಎಳೆದು ನೋಡಿ. ಉಗುರು ಟರ್ ಅಂತ ಗೀರು ಎಣಿಸಿದರೆ ಎಂಎಲ್‌ಎಸ್ ಆಸೆ ಬಿಡಿ. ಉಗುರು ಜಾರಿತು ಅಂದ ಮಾತ್ರಕ್ಕೆ ಪಾಸ್ ಅಂತಲ್ಲ, ಅಷ್ಟು ಸಣ್ಣ ಒರಟು ಉಗುರಿಗೆ ತಿಳಿಯುವುದಿಲ್ಲ. ಮೈಸೂರು, ಮಂಗಳೂರಿನ ದೊಡ್ಡ ಮಷೀನ್ ಶಾಪ್‌ಗಳಿಗೆ ಕೊಂಡೊಯ್ಯುವುದಾದರೆ ಗ್ಯಾಸ್ಕೆಟ್ ಎಂಎಲ್‌ಎಸ್ ಅಂತ ಮೊದಲೇ ಹೇಳಿ, ಮಿಲ್ಲಿಂಗ್ ಮಷೀನಿನಲ್ಲಿ ಕೊನೆಯ ಕಟ್ ತೆಳ್ಳಗೆ, ಫೀಡ್ ನಿಧಾನ ಇಡಲು ಕೇಳಿ. ಒರಟು ಅಳೆಯುವ ಮೀಟರ್ ಇದ್ದರೆ ರೀಡಿಂಗ್ ಬರೆದು ಕೊಡಿ ಅನ್ನಿ. ಬ್ಲಾಕಿನ ಮೈಯನ್ನೂ ನೋಡಬೇಕು. ಹೆಡ್ ಮಾತ್ರ ಫೇಸ್ ಮಾಡಿಸಿ ಬ್ಲಾಕಿಗೆ ಎಮರಿ ಪೇಪರ್ ಉಜ್ಜಿ ಮುಗಿಸುವುದು ನಮ್ಮಲ್ಲಿ ರೂಢಿ, ಆ ಧೂಳು ಆಯಿಲ್ ತೂತಿಗೆ ಇಳಿದರೆ ಬೇರಿಂಗ್ ಕೂಡ ಹೋಗುತ್ತದೆ.

ಸಪಾಟು ಇದೆಯಾ ಅಂತ ನೋಡಲು ಸ್ಟ್ರೈಟ್ ಎಡ್ಜ್, ಫೀಲರ್ ಗೇಜ್ ಸಾಕು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. 0.05 ಮಿ.ಮೀ. ಫೀಲರ್ ಒಳಗೆ ನುಗ್ಗಿದರೆ ಸಾಮಾನ್ಯವಾಗಿ ಫೇಸಿಂಗ್ ಬೇಕು, ನಿಮ್ಮ ಎಂಜಿನ್‌ನ ಮ್ಯಾನುವಲ್ ಏನು ಹೇಳುತ್ತದೋ ಅದೇ ಅಂತಿಮ. ಕ್ಯಾಮ್ ಹೆಡ್ಡಿನಲ್ಲೇ ಇರುವ ಎಂಜಿನ್ ಆದರೆ ಇನ್ನೊಂದು ಗಮನಿಸಿ: ಹೆಡ್ ಬಿಸಿಗೆ ಬಾಗಿದ್ದರೆ ಕೆಳಗಿನ ಮೈ ಮಾತ್ರ ಅಲ್ಲ, ಮೇಲೆ ಕ್ಯಾಮ್ ಕೂರುವ ಸಾಲೂ ಬಾಗಿರುತ್ತದೆ. ಕೆಳಗೆ ಕತ್ತರಿಸಿ ಸಪಾಟು ಮಾಡಿದರೆ ಮೇಲಿನ ಡೊಂಕು ಹಾಗೇ ಉಳಿಯುತ್ತದೆ. ಕ್ಯಾಮನ್ನು ಬರೀ ಅದರ ಜಾಗದಲ್ಲಿಟ್ಟು ಕ್ಯಾಪ್ ಬಿಗಿದು ಕೈಯಲ್ಲಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಬಹಳ ಬೆಂದ ಅಲ್ಯೂಮಿನಿಯಂ ಹೆಡ್ ಗಡಸುತನವನ್ನೇ ಕಳೆದುಕೊಂಡಿರುತ್ತದೆ. ಅಂಥದ್ದಕ್ಕೆ ಯಾವ ಗ್ಯಾಸ್ಕೆಟ್ ಹಾಕಿದರೂ ದಂಡ.

ಕಾಪರ್ ಆಸೆ

ಕಾಪರ್ ಗ್ಯಾಸ್ಕೆಟ್‌ಗೆ ಒಂದು ಗತ್ತಿದೆ. ಕೆಂಪಗೆ ಹೊಳೆಯುತ್ತದೆ, ಟಾಪ್ ಫ್ಯೂಯಲ್ ಡ್ರ್ಯಾಗ್‌ಸ್ಟರ್‌ಗಳಲ್ಲಿ ಅದೇ ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಡ್ರ್ಯಾಗ್‌ಸ್ಟರ್ ಎಂಜಿನ್ ಒಳಗೆ ಏನಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅದರಲ್ಲಿ ನೀರಿಲ್ಲ! ಬ್ಲಾಕ್, ಹೆಡ್ ಎರಡೂ ಗಟ್ಟಿ ಅಲ್ಯೂಮಿನಿಯಂ, ಕೂಲೆಂಟ್ ಹರಿಯುವ ದಾರಿಯೇ ಇರುವುದಿಲ್ಲ. ನಾಲ್ಕು ಸೆಕೆಂಡಿನೊಳಗೆ ಓಟ ಮುಗಿಯುತ್ತದೆ, ಆಮೇಲೆ ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಕಾಪರ್‌ನ ಬಲ ಇರುವುದು ಬೆಂಕಿಯ ಎದುರು. ಬಿಸಿಯನ್ನು ಸ್ಟೇನ್‌ಲೆಸ್‌ಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಸಾಗಿಸುತ್ತದೆ, ಒಂದು ಜಾಗದಲ್ಲಿ ಸುಟ್ಟು ತೂತಾಗುವುದು ಕಡಿಮೆ. ಜೊತೆಗೆ ಬ್ಲಾಕಿನಲ್ಲೋ ಹೆಡ್ಡಿನಲ್ಲೋ ಸಿಲಿಂಡರಿನ ಸುತ್ತ ಸಣ್ಣ ಕಾಲುವೆ ಕೊರೆದು, ಸುಮಾರು ಒಂದು ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಂತಿಯನ್ನು ಓ-ರಿಂಗ್ ಆಗಿ ಕೂರಿಸಿದರೆ ಅದು ಕಾಪರ್‌ಗೆ ಕಚ್ಚಿಕೊಂಡು ಭಾರಿ ಒತ್ತಡ ತಡೆಯುತ್ತದೆ. ಓ-ರಿಂಗ್ ಇಲ್ಲದೆ ಬರೀ ಕಾಪರ್ ಹಾಳೆ ಹಾಕಿ ಬೂಸ್ಟ್ ಕೊಡುವುದರಲ್ಲಿ ಅರ್ಥವಿಲ್ಲ. ಆದರೆ ನೀರು, ಆಯಿಲ್ ಸೋರದಂತೆ ತಡೆಯುವುದು ಇದರ ಕೈಯಲ್ಲಿ ಆಗದ ಕೆಲಸ. ಸೀಲಂಟ್ ಹಚ್ಚಬೇಕು, ಮತ್ತೆ ಮತ್ತೆ ಟಾರ್ಕ್ ನೋಡಬೇಕು, ಒಮ್ಮೆ ಒತ್ತಿಕೊಂಡ ಕಾಪರ್ ಹಿಂದಕ್ಕೆ ಏಳುವುದಿಲ್ಲ. ಸಾಲದ್ದಕ್ಕೆ ಕಾಪರ್, ಅಲ್ಯೂಮಿನಿಯಂ ಎರಡೂ ಕೂಲೆಂಟಿನಲ್ಲಿ ನೆಂದರೆ ತುಕ್ಕು ತಿನ್ನುವುದು ಅಲ್ಯೂಮಿನಿಯಂನ್ನು. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡದೆ ನಿಲ್ಲುವ ಗಾಡಿಗೆ, ಅದರಲ್ಲೂ ಕೂಲೆಂಟ್ ಬದಲು ತೋಡಿನ ನೀರು ತುಂಬಿದ ಗಾಡಿಗೆ, ಇದಕ್ಕಿಂತ ಕೆಟ್ಟ ಆಯ್ಕೆ ನನಗೆ ಹೊಳೆಯುವುದಿಲ್ಲ.

ಕಾಪರ್ ಒಳ್ಳೆಯದಾಗಿ ಕೂರುವ ಜಾಗವೂ ಇದೆ. ಏರ್ ಕೂಲ್ಡ್ ಟೂ ಸ್ಟ್ರೋಕ್ ಬೈಕ್. ಅಲ್ಲಿ ಹೆಡ್ಡಿನಲ್ಲಿ ನೀರೂ ಇಲ್ಲ, ಆಯಿಲ್ ದಾರಿಯೂ ಇಲ್ಲ, ಗ್ಯಾಸ್ ಒಂದನ್ನು ಹಿಡಿದರೆ ಆಯಿತು. ಬಿಚ್ಚಿ ಮತ್ತೆ ಹಾಕುವಾಗ ಗ್ಯಾಸ್ ಟಾರ್ಚ್‌ನಲ್ಲಿ ಮಬ್ಬು ಕೆಂಪಾಗುವ ತನಕ ಕಾಯಿಸಿ ನೀರಿಗೆ ಅದ್ದಿದರೆ ಕಾಪರ್ ಮತ್ತೆ ಮೆತ್ತಗಾಗುತ್ತದೆ, ಮೇಲಿನ ಕಪ್ಪು ಪೊರೆ ಒರೆಸಿ ಹಾಕಬಹುದು. ಡರ್ಟ್ ಟ್ರ್ಯಾಕ್ ಬೈಕ್ ಹುಡುಗರು ಧಾರಾಳವಾಗಿ ಹಾಕಲಿ.

ದಪ್ಪ, ಬೋರ್ ಮತ್ತು ನಾಕ್

ಎಷ್ಟು ದಪ್ಪದ್ದು ಅನ್ನುವುದು ಕೂಡ ಟ್ಯೂನಿಂಗೇ. ಅದೇ ಜಿಪ್ಸಿ ಎಂಜಿನ್, ಒಂದು ಸಿಲಿಂಡರ್ 324.5 ಸಿಸಿ. ಕಂಪ್ರೆಶನ್ 9ಕ್ಕೆ 1 ಅಂದುಕೊಂಡರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 40.6 ಸಿಸಿ. ಬೋರ್ 75 ಮಿ.ಮೀ. ಇರುವ ಗ್ಯಾಸ್ಕೆಟ್‌ನ ದಪ್ಪವನ್ನು 1.2ರಿಂದ 0.8ಕ್ಕೆ ಇಳಿಸಿದರೆ 1.8 ಸಿಸಿ ಹತ್ತಿರ ಕಡಿಮೆಯಾಗುತ್ತದೆ, ಕಂಪ್ರೆಶನ್ 9.36 ಆಗುತ್ತದೆ. ಹೆಡ್ಡನ್ನು ಕತ್ತರಿಸಿದರೂ ಇದೇ ದಿಕ್ಕಿನ ಫಲ, ಹಾಗಾಗಿ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು, ವಾಲ್ವ್ ಪಿಸ್ಟನ್‌ಗೆ ತಾಗುತ್ತದಾ ಅಂತಲೂ ನೋಡಬೇಕು.

ಟರ್ಬೊ ಹಾಕುವವರು ಉಲ್ಟಾ ಮಾಡುತ್ತಾರೆ. ಕಂಪ್ರೆಶನ್ ಇಳಿಸಲು ದಪ್ಪ ಗ್ಯಾಸ್ಕೆಟ್, ಕೆಲವರಂತೂ ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು. ದಯವಿಟ್ಟು ಬೇಡ. ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವೆ ಸುಮಾರು ಒಂದು ಮಿ.ಮೀ. ಸಂದಿದ್ದರೆ ಅಲ್ಲಿಂದ ಹಿಂಡಿದ ಮಿಶ್ರಣ ನಡುವಿಗೆ ನುಗ್ಗಿ ಬೇಗ, ಸಮವಾಗಿ ಉರಿಯುತ್ತದೆ. ಸಂದು ದೊಡ್ಡದಾದರೆ ಆ ಅನುಕೂಲ ಹೋಗಿ ನಾಕ್ ಹೊಡೆಯುವ ಚಾಳಿ ಜಾಸ್ತಿಯಾಗುತ್ತದೆ, ಕಂಪ್ರೆಶನ್ ಇಳಿಸಿ ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ಕೈಬಿಡುತ್ತದೆ. ಇಳಿಸಲೇಬೇಕು ಅಂದರೆ ಪಿಸ್ಟನ್ ಬದಲಿಸುವುದು ಸರಿಯಾದ ದಾರಿ.

ರೀಬೋರ್ ಮಾಡಿಸಿದವರು ಗ್ಯಾಸ್ಕೆಟ್‌ನ ಬೋರ್ ಅಳೆಯಲೇಬೇಕು. ಸಿಲಿಂಡರಿಗಿಂತ ಒಂದು ಮಿ.ಮೀ. ಆಸುಪಾಸು ದೊಡ್ಡದಿರಬೇಕು. ಮಾಮೂಲಿ ಗ್ಯಾಸ್ಕೆಟ್ ಹಾಕಿ ಫೈರ್ ರಿಂಗಿನ ಅಂಚು ಸಿಲಿಂಡರಿನೊಳಗೆ ಕೂದಲೆಳೆಯಷ್ಟು ಇಣುಕಿದರೂ ಅದು ಕೆಂಡದ ಹಾಗೆ ಕಾದು, ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಡೀಸೆಲ್‌ನಲ್ಲಿ ಇದು ಬೇರೆ ಥರ: ಪಿಸ್ಟನ್ ಬ್ಲಾಕಿನ ಮೈಗಿಂತ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್‌ನಲ್ಲಿ ನೋಡಿ, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಬಹಳ ಎಂಜಿನ್‌ಗಳಲ್ಲಿ ಗ್ಯಾಸ್ಕೆಟಿನ ಅಂಚಿನಲ್ಲಿ ಒಂದು, ಎರಡು, ಮೂರು ಕಚ್ಚು ಅಥವಾ ತೂತು ಇರುವುದು ಆ ದಪ್ಪದ ಗುರುತು. ಅಂಗಡಿಯವರು ಕೊಟ್ಟಿದ್ದನ್ನು ಎಣಿಸದೆ ಹಾಕಬೇಡಿ.

ಹಳೇ ಗ್ಯಾಸ್ಕೆಟ್ ಎಸೆಯುವ ಮೊದಲು ಅದನ್ನು ಬಿಸಿಲಿಗೆ ಹಿಡಿದು ಓದಿ. ಎರಡು ಸಿಲಿಂಡರಿನ ನಡುವಿನ ಸಣ್ಣ ಸೇತುವೆಯಲ್ಲಿ ಕಪ್ಪು ಮಸಿಯ ಗೆರೆ, ಫೈರ್ ರಿಂಗ್ ಅಲ್ಲಿ ಮಾತ್ರ ಜಜ್ಜಿ ಸೀಳಿದೆ ಅಂದರೆ ಅನುಮಾನ ನಾಕ್ ಮೇಲೆ. ನಾಕ್ ಹೊಡೆದಾಗ ಒಳಗಿನ ಒತ್ತಡ ಒಂದು ಕ್ಷಣ ಮಾಮೂಲಿಗಿಂತ ಎಷ್ಟೋ ಮೇಲೆ ಜಿಗಿಯುತ್ತದೆ, ಸುತ್ತಿಗೆ ಏಟೇ ಸರಿ. ಇಗ್ನಿಶನ್ ಟೈಮಿಂಗ್ ಹಿಂದಕ್ಕೆ ತರದೆ, ಮಿಶ್ರಣ ಸರಿ ಮಾಡದೆ, ಒಳ್ಳೆ ಆಕ್ಟೇನ್ ಪೆಟ್ರೋಲ್ ಹಾಕದೆ ಗಟ್ಟಿ ಗ್ಯಾಸ್ಕೆಟ್ ಹಾಕಿದರೆ ಮುಂದಿನ ಸಲ ಒಡೆಯುವುದು ಪಿಸ್ಟನ್. ಮಸಿ ಎಲ್ಲಾ ಸಿಲಿಂಡರಿನ ಸುತ್ತ ತೆಳ್ಳಗೆ ಹರಡಿದ್ದರೆ ಹಿಡಿತ ಸಾಲದೆ ಹೆಡ್ ಎದ್ದಿದೆ, ಬೋಲ್ಟ್ ನೋಡಿ. ಗ್ಯಾಸ್ಕೆಟ್ ಇಡೀ ಗರಿಗರಿಯಾಗಿ, ರಬ್ಬರ್ ಬೆಂದು ಪುಡಿ ಉದುರುತ್ತಿದ್ದರೆ ಅದು ಓವರ್‌ಹೀಟ್, ಫ್ಯಾನು, ರೇಡಿಯೇಟರು, ಕ್ಯಾಪ್ ಕಡೆ ಹೋಗಿ.

ಬೋಲ್ಟ್ ಬಿಗಿಯುವ ಕೆಲಸ

ಟಾರ್ಕ್ ರೆಂಚ್‌ನಲ್ಲಿ ಹಾಕುವ ಬಲದ ಸುಮಾರು ಶೇಕಡಾ 90 ಬರೀ ಉಜ್ಜಾಟಕ್ಕೆ ಹೋಗುತ್ತದೆ, ಉಳಿದ 10 ಮಾತ್ರ ಬೋಲ್ಟನ್ನು ಎಳೆದು ಹೆಡ್ಡನ್ನು ಹಿಡಿಯುತ್ತದೆ. ಆದ್ದರಿಂದ ಥ್ರೆಡ್‌ನಲ್ಲಿ ತುಕ್ಕಿದ್ದರೆ ರೆಂಚ್ ಟಕ್ ಅಂದರೂ ಹಿಡಿತ ಇರುವುದಿಲ್ಲ. ಥ್ರೆಡ್ ತೊಳೆದು, ಹೇಳಿದ ಕಡೆ ಹೇಳಿದ ಆಯಿಲ್ ಸವರಿ, ನಡುವಿನಿಂದ ಹೊರಗೆ ಸುತ್ತು ಸುತ್ತಾಗಿ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಬ್ಲಾಕಿನ ತೂತಿನಲ್ಲಿ ನೀರೋ ಆಯಿಲೋ ನಿಂತಿದ್ದರೆ ಮೊದಲು ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಬೋಲ್ಟ್ ಇಳಿಯುವಾಗ ಒಳಗೆ ಸಿಕ್ಕಿಬಿದ್ದ ದ್ರವ ಬ್ಲಾಕನ್ನೇ ಬಿರುಕು ಬಿಡಿಸುತ್ತದೆ.

ಟರ್ಬೊ ಎಂಜಿನ್‌ಗೆ ಎಂಎಲ್‌ಎಸ್ ಜೊತೆ ಒಳ್ಳೆ ಸ್ಟಡ್ (ಬೋಲ್ಟಿನ ಬದಲು ಬ್ಲಾಕಿಗೆ ಕೂರಿಸಿ ಮೇಲೆ ನಟ್ ಬಿಗಿಯುವ ಕಡ್ಡಿ) ಹಾಕಿಸಿ, ದುಡ್ಡು ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ. ಎಂಎಲ್‌ಎಸ್ ಮೇಲೆ ಕಂಪನಿ ಹೇಳದ ಸಿಲಿಕಾನ್, ಗ್ರೀಸ್, ಅಂಟು ಏನೂ ಹಚ್ಚಬೇಡಿ. ತೋಟದ ಪಿಕಪ್‌ಗೆ, ದಿನಾ ಓಡುವ ಜೀಪಿಗೆ ಕಂಪನಿ ಯಾವ ಥರದ್ದು ಕೊಟ್ಟಿತ್ತೋ ಅದೇ ಥರದ್ದು ಸಾಕು. ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿಯುವ ಬೋಲ್ಟ್ ಇರುವ ಎಂಜಿನ್‌ಗಳಲ್ಲಿ ಆ ಬೋಲ್ಟುಗಳು ಬಹುತೇಕ ಒಂದು ಸಲಕ್ಕೆ ಮಾತ್ರ, ಬಿಗಿಯುವಾಗಲೇ ಅವು ಹಿಗ್ಗಿ ಉದ್ದವಾಗಿರುತ್ತವೆ. ಆ ಹಳೇ ಬೋಲ್ಟನ್ನೇ ಮತ್ತೆ ಹಾಕೋಣ ಅಂತ ಯಾರಾದರೂ ಅಂದರೆ, ಹೊಸ ಸೆಟ್ ಬರುವ ತನಕ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿಟ್ಟು ಗಾಡಿಯನ್ನು ಹಾಗೇ ಬಿಡಿ.